ಅಕ್ಷರಕ್ಕಿಂತ ಮುಂಚಿನ ಮೂರು ತಿಂಗಳು

ಅಂಕಲಗಿಯಿಂದ ಒಂದು ಹಾದಿ ಗೋಕಾಕಕ್ಕೂ ಇನ್ನೊಂದು ಬೆಳಗಾವಿಗೂ ಹೋಗುತ್ತದೆ. ಹುಕ್ಕೇರಿಯ ಸೀಮೆಯನ್ನು ಹೊಕ್ಕು ಸಂಕೇಶ್ವರವನ್ನು ದಾಟಿದವನಿಗೆ ಗಡಹಿಂಗ್ಲಜದ ಮರಾಠಿ ಕಿವಿಗೆ ಬೀಳಲು ಹೆಚ್ಚು ಹೊತ್ತು ಬೇಕಾಗದು. ಈ ಸೀಮೆಯ ಕೂಸು ಆರು ವರ್ಷ ತುಂಬುವಷ್ಟರಲ್ಲಿ ತಾಯಿಯೊಡನೆ ಒಂದು ಮಾತನ್ನೂ, ಕಿರಾಣಿ ಅಂಗಡಿಯಲ್ಲಿ ಇನ್ನೊಂದನ್ನೂ, ನೆರೆಮನೆಯ ಅಂಗಳದಲ್ಲಿ ಎರಡೂ ಬೆರೆತ ಮತ್ತೊಂದನ್ನೂ ಯಾರೂ ಕಲಿಸದೆಯೇ ಕಲಿತಿರುತ್ತದೆ. ಅಂಥ ಕೂಸು ಜೂನ್ ತಿಂಗಳಲ್ಲಿ ಒಂದನೆಯ ಇಯತ್ತೆಯ ಕೋಣೆಯೊಳಗೆ ಬಂದು, ತನ್ನ ಮನೆಯ ಕನ್ನಡಕ್ಕೂ ಮರಾಠಿಗೂ ಉರ್ದುವಿಗೂ ಏಕಪ್ರಕಾರವಾಗಿ ದೂರವಿರುವ ಪುಸ್ತಕದ ಕನ್ನಡವನ್ನು ಮೊದಲ ಸಲ ಕೇಳಿದಾಗ ಮೂಕವಾಗುವದುಂಟು. ಆ ಮೌನವನ್ನು ಜಡಬುದ್ಧಿಯೆಂದು ಎಣಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲವಾದುದರಿಂದಲೇ ಈ ವಾರ ಅದರ ವಿಚಾರವನ್ನು ಎತ್ತಿಕೊಂಡಿದ್ದೇನೆ.

ಒಂದನೆಯ ತರಗತಿಯ ಮೊದಲ ಮೂರು ತಿಂಗಳನ್ನು ಆಟ, ಹಾಡು, ಕಥೆ ಮತ್ತು ಕೈಗೆಲಸಗಳಿಗೆಂದೇ ಮೀಸಲಿಡಬೇಕೆಂದು ಎನ್‌ಸಿಇಆರ್‌ಟಿಯು 2021ರಲ್ಲಿ 'ವಿದ್ಯಾ ಪ್ರವೇಶ'ವೆಂಬ ಕ್ರಮವನ್ನು ರಚಿಸಿತು. ನಮ್ಮ ರಾಜ್ಯದ ಶಾಲೆಗಳಿಗೂ ಅದು ಬಂದಿದೆ. ಆದರೆ ಜುಲೈ ತಿಂಗಳು ಬಂದರೂ ಮಗುವಿನ ಪಾಟಿಯ ಮೇಲೆ 'ಅ ಆ ಇ ಈ' ಮೂಡಲಿಲ್ಲವೆಂದು ಪಾಲಕರು ಕಳವಳಗೊಳ್ಳುವರು. ಪಕ್ಕದ ಇಂಗ್ಲಿಷ್ ಶಾಲೆಯ ಮಗು ಆಗಲೇ ಎರಡು ವಹಿಗಳನ್ನು ತುಂಬಿಸಿತೆಂದು ಹೋಲಿಸುವರು. ಬರೆದ ಹಾಳೆ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಬಂದ ಬಲ ಕಾಣುವದಿಲ್ಲ. ನಮ್ಮ ಗಡಿಸೀಮೆಗಂತೂ ಈ ಮೂರು ತಿಂಗಳು ಬೇರೆಡೆಗಿಂತ ಇಮ್ಮಡಿ ಅಗತ್ಯವಾದವು. ಏಕೆಂದರೆ ಇಲ್ಲಿಯ ಮಗುವಿನ ನಾಲಿಗೆ ಶಾಲೆಯ ಭಾಷೆಗೆ ಇನ್ನೂ ಹೊಂದಿಕೊಳ್ಳದಿರುವಾಗ ಅದರ ಕೈಗಳಾದರೂ ಮೊದಲ ದಿನದಿಂದಲೇ ಸಹಪಾಠಿಗಳ ಕೈಗಳಿಗೆ ಸಮನಾಗಿ ದುಡಿಯಬಲ್ಲವು.

ಇದಕ್ಕೆ ಸಾಹಿತ್ಯಸಾಮಗ್ರಿಗಳನ್ನು ದೂರದಿಂದ ತರಿಸಬೇಕಾದುದಿಲ್ಲ. ಶಾಲೆ ತೆರೆದು ಕೆಲವು ದಿನಗಳಲ್ಲಿ ಕಾರಹುಣ್ಣಿವೆ ಬರುತ್ತದೆ, ಅದರ ಬೆನ್ನಿಗೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಂದು ಮಣ್ಣಿನ ಗುಳ್ಳವ್ವ, ಶ್ರಾವಣದಲ್ಲಿ ನಾಗಪಂಚಮಿಯ ಜೋಕಾಲಿ. ವಿದ್ಯಾ ಪ್ರವೇಶದ ಅವಧಿಯೂ ನಮ್ಮ ಊರಿನ ಮಳೆಗಾಲದ ಹಬ್ಬಗಳ ಅವಧಿಯೂ ಬಹುಮಟ್ಟಿಗೆ ಒಂದೇ ಆಗಿರುವದನ್ನು ನಾವು ಗಮನಿಸಿಯೇ ಇಲ್ಲ. ಎರಿಮಣ್ಣನ್ನು ನಾದಿ, ಉಂಡೆ ಕಟ್ಟಿ, ನಾಲ್ಕು ಕಾಲುಗಳನ್ನು ಹೊಸೆದು, ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ಕೋಡು ಎಳೆದು, ಹಿಣಿಲನ್ನು ಒತ್ತಿ ನಿಲ್ಲಿಸಿ, ಎತ್ತಿನ ಮುಂದೆ ಒಂದು ಗ್ವಾದಲಿಯನ್ನೂ ಮಾಡಿಡುವ ಮಗುವು, ಮುಂದೆ ಬಳಪವನ್ನು ಹಿಡಿಯಲು ಯಾವ ಹಿಡಿತ ಬೇಕೋ ಅದೇ ಹಿಡಿತವನ್ನು ಅಭ್ಯಾಸ ಮಾಡುತ್ತಿರುತ್ತದೆ. ಶಿಶುಶಿಕ್ಷಣದ ಗ್ರಂಥಗಳು ಸೂಕ್ಷ್ಮ ಸ್ನಾಯುಗಳ ವಿಕಾಸವೆಂದು ಹೇಳುವದು ಇದನ್ನೇ. ಈ ಕೆಲಸದಲ್ಲಿ ಮರಾಠಿ ಮನೆಯ ಹುಡುಗನು ಹಿಂದೆ ಬೀಳುವ ಕಾರಣವೇ ಇಲ್ಲ. ಗಡಿಯಾಚೆಯ ಮರಾಠಿಗರು ಜ್ಯೇಷ್ಠದ ಹುಣ್ಣಿವೆಯ ಎತ್ತಿನ ಹಬ್ಬವನ್ನು 'ಕರ್ನಾಟಕಿ ಬೇಂದೂರ'ವೆಂದು ಕರೆದು, ತಮ್ಮ ಬೇಂದೂರವನ್ನು ಆಷಾಢದಲ್ಲಿ ಆಚರಿಸುತ್ತಾರೆ. ಎತ್ತನ್ನು ಮೈತೊಳೆದು ಸಿಂಗರಿಸುವ ಸಂಭ್ರಮ ಎರಡು ಕಡೆಗೂ ಒಂದೇ.

ಎತ್ತು ಸಿದ್ಧವಾದ ಮೇಲೆ ಮಾತು ತಾನಾಗಿ ಬರುತ್ತದೆ. ಇದು ಯಾರ ಮನೆಯ ಎತ್ತು, ಏನು ತಿನ್ನುತ್ತದೆ, ಕೋಡೇಕೆ ಮುರಿಯಿತು ಎಂದು ಅಕ್ಕೋರು ಕೇಳಿದರೆ, ಒಂದು ಮಗು ಕನ್ನಡದಲ್ಲಿ, ಇನ್ನೊಂದು ಮರಾಠಿಯಲ್ಲಿ, ಮೂರನೆಯದು ಉರ್ದುವಿನಲ್ಲಿ ಉತ್ತರಿಸಲಿ. ಆ ಉತ್ತರವನ್ನು ತಿದ್ದುವದಕ್ಕೆ ಮೊದಲು ಸ್ವೀಕರಿಸಿ, ಅದನ್ನೇ ಕನ್ನಡದಲ್ಲಿ ಇಂಪಾಗಿ ಮರಳಿ ಹೇಳುವ ಶಿಕ್ಷಕಿಯು ಒಂದು ವಾರದಲ್ಲಿ ಸಾಧಿಸುವದನ್ನು ಬೆತ್ತದವರು ಒಂದು ವರ್ಷದಲ್ಲಿ ಸಾಧಿಸಲಾರರು. ಗುಳ್ಳವ್ವನನ್ನು ಅಲಂಕರಿಸುವ ಬೀಜಗಳಿಂದ ಎಣಿಕೆಯನ್ನೂ ವಿಂಗಡಣೆಯನ್ನೂ ಕಲಿಸಬಹುದು. ಆದರೆ ಗುಲಗಂಜಿಯು ವಿಷಬೀಜವಾದುದರಿಂದ ಎಳೆಯ ಮಕ್ಕಳ ಕೈಗೆ ಹುಣಸೆಯ ಬೀಜವನ್ನೇ ಕೊಡತಕ್ಕದ್ದು.

ಎಣಿಕೆಯ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿಸ್ತರಿಸುವೆನು. ಕನ್ನಡದಲ್ಲಿ ನಾವು ಇಪ್ಪತ್ತನ್ನು ಮೊದಲು ಹೇಳಿ ಒಂದನ್ನು ಅನಂತರ ಹೇಳುತ್ತೇವೆ. ಮರಾಠಿಯ 'ಏಕವೀಸ'ದಲ್ಲಿಯೂ ಉರ್ದುವಿನ 'ಇಕ್ಕೀಸ್'ನಲ್ಲಿಯೂ ಒಂದು ಮೊದಲು ಬಂದು ಇಪ್ಪತ್ತು ಹಿಂದೆ ಬರುತ್ತದೆ. ಮರಾಠಿ ಮಕ್ಕಳಿಗೆ ಈ ತೊಡಕು ಎಷ್ಟು ನಿಜವಾದುದೆಂದರೆ, ಮಂಗಲಾ ನಾರಳೀಕರ ಅವರ ನೇತೃತ್ವದ ಗಣಿತ ಸಮಿತಿಯ ಮಾರ್ಗದರ್ಶನದಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯು 2019ರ ಎರಡನೆಯ ಇಯತ್ತೆಯ ಪುಸ್ತಕದಲ್ಲಿ 'ವೀಸ ಏಕ' ಎಂಬ ರೀತಿಯನ್ನೂ ಸೇರಿಸಿತು. ಅದರಿಂದ ಅಲ್ಲಿ ದೊಡ್ಡ ವಾದವೇ ಎದ್ದಿತು. ಮನೆಯಲ್ಲಿ ಒಂದು ಕ್ರಮವನ್ನೂ ಶಾಲೆಯಲ್ಲಿ ಇನ್ನೊಂದನ್ನೂ ಕೇಳುವ ನಮ್ಮ ಗಡಿಯ ಮಗುವು 21ನ್ನು 12 ಎಂದು ಬರೆದರೆ ಅದರಲ್ಲಿ ಅದರ ತಪ್ಪೇನು? ಹತ್ತು ಜೋಳದ ಕಡ್ಡಿಗಳನ್ನು ಕೂಡಿಸಿ ಒಂದು ಕಟ್ಟು ಮಾಡಿ, ಎರಡು ಕಟ್ಟುಗಳನ್ನು ಎಡಕ್ಕೂ ಒಂದು ಬಿಡಿ ಕಡ್ಡಿಯನ್ನು ಬಲಕ್ಕೂ ಇಟ್ಟು ತೋರಿಸಿದರೆ, ಯಾವ ಭಾಷೆಯ ಹೆಸರು ಯಾವ ಕಡೆಯಿಂದ ಆರಂಭವಾದರೂ ಸಂಖ್ಯೆಯು ಕದಲದೆ ನಿಲ್ಲುತ್ತದೆ. ಕಡ್ಡಿಯ ಕಟ್ಟಿಲ್ಲದೆ ಬರಿಯ ಮಗ್ಗಿಯನ್ನು ಬಾಯಿಪಾಠ ಮಾಡಿಸುವ ಆತುರವು ಈ ಸೀಮೆಯಲ್ಲಿ ಇತರ ಕಡೆಗಿಂತ ಹೆಚ್ಚು ಹಾನಿಕರವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಕ್ಷರಗಳ ಸರದಿ ಬಂದಾಗ 'ನಲಿ-ಕಲಿ'ಯು ನೆರವಿಗೆ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿವ್ಯಾಲಿಯ ಮಾದರಿಯನ್ನು ಕಂಡು ಬಂದು ಆರಂಭಿಸಿದ ಈ ಪದ್ಧತಿಯು 2009ರ ಸುಮಾರಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ವರ್ಣಮಾಲೆಯ ಕ್ರಮವನ್ನು ಬಿಟ್ಟು 'ರ ಗ ಸ ದ ಅ' ಎಂಬ ಐದು ಅಕ್ಷರಗಳಿಂದ ಅದು ಹೊರಡುವದರಿಂದ, ಆ ಐದರ ಪರಿಚಯವಾಗುತ್ತಲೇ ಮಗುವು ಸರ, ಅರಸ, ಗರಗಸಗಳನ್ನು ತಾನೇ ಓದಿ ಹಿಗ್ಗುತ್ತದೆ. ಅದಕ್ಕಿಂತಲೂ ನಮಗೆ ಮುಖ್ಯವಾದುದು ಅದರ ತಟ್ಟೆಗಳ ವ್ಯವಸ್ಥೆ. ಕೆಲವು ಮಕ್ಕಳು ಶಿಕ್ಷಕರ ಬಳಿಯಲ್ಲಿ, ಕೆಲವರು ಗೆಳೆಯರ ನೆರವಿನಿಂದ, ಇನ್ನು ಕೆಲವರು ಸ್ವತಂತ್ರವಾಗಿ ಕಲಿಯುವಂತೆ ಗುಂಪುಗೂಡಿ ಕೂಡ್ರುವ ಆ ಕೋಣೆಯಲ್ಲಿ ಒಂದು, ಎರಡು, ಮೂರನೆಯ ಇಯತ್ತೆಗಳು ಜೊತೆಯಾಗಿರುವವು. ಎರಡೂ ಮಾತು ಬಲ್ಲ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಹೊಸದಾಗಿ ಬಂದ ಮರಾಠಿ ಹುಡುಗನ ಮಗ್ಗುಲಲ್ಲಿ ಕುಳಿತು ಕಾರ್ಡಿನ ಚಿತ್ರವನ್ನು ಅವನ ಮಾತಿನಲ್ಲಿ ಕೇಳಿ ಕನ್ನಡದಲ್ಲಿ ಹೇಳಿಕೊಡುವಾಗ, ಅವಳಿಗಿಂತ ಯೋಗ್ಯ ಗುರುವು ಆ ಕ್ಷಣದಲ್ಲಿ ಅವನಿಗೆ ಮತ್ತಾರೂ ಇರಲಾರರು. ಗದ್ದಲವಾಯಿತೆಂದು ಅವಳನ್ನು ಸುಮ್ಮನಾಗಿಸಬಾರದು.

ಕನ್ನಡ ಶಾಲೆಯಲ್ಲಿ ಮರಾಠಿಗೆ ಇಷ್ಟು ಎಡೆ ಏಕೆಂದು ಕೇಳುವವರು ಇದ್ದಾರೆ. ಅವರ ಭಾಷಾಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಬೆಳಗಾವಿ ಸೀಮೆಯ ಕನ್ನಡ ಮಕ್ಕಳು ಮರಾಠಿ ಶಾಲೆಗಳಲ್ಲಿ ತಿಳಿಯದ ಮಾತಿನ ಪಾಠವನ್ನು ಕೇಳುತ್ತ ಕೂಡ್ರಬೇಕಾಗಿದ್ದಿತು. ಶಿಕ್ಷಣ ಖಾತೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಹೋರಾಡಿ ಕನ್ನಡ ಶಾಲೆಗಳನ್ನು ತೆರೆಯಿಸಿ, ಕನ್ನಡ ಶಿಕ್ಷಕರನ್ನು ಸಿದ್ಧಗೊಳಿಸಿದುದು ಆ ಅನ್ಯಾಯವನ್ನು ಕಂಡೇ. ಆ ಅನ್ಯಾಯದ ಕಹಿಯನ್ನು ಉಂಡ ಜನರೇ ಅದನ್ನು ಇನ್ನೊಬ್ಬರ ಮಗುವಿಗೆ ಉಣಿಸುವದು ಚನ್ನಬಸಪ್ಪನವರ ಹೆಸರಿಗೆ ಸಲ್ಲುವ ಗೌರವವಲ್ಲ. ಮನೆಯಲ್ಲಿ ಮರಾಠಿಯನ್ನಾಡುತ್ತ ಬೆಳೆದ ಬೇಂದ್ರೆಯವರು ಕನ್ನಡಕ್ಕೆ ಏನಾದರೆಂಬುದನ್ನು ನಾನು ಬೇರೆ ಹೇಳಬೇಕಾದುದಿಲ್ಲ.

ಆದುದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಶಾಲೆಗಳ ಎಸ್‌ಡಿಎಂಸಿಯವರಲ್ಲಿ ನನ್ನದೊಂದು ಬಿನ್ನಹವಿದೆ. ಆಷಾಢದ ಯಾವುದಾದರೊಂದು ಮಂಗಳವಾರ, ಬಿಸಿಯೂಟದ ಅನಂತರದ ಒಂದು ತಾಸನ್ನು ಮಕ್ಕಳ ಅಜ್ಜಿಯರಿಗೂ ತಾಯಂದಿರಿಗೂ ಬಿಟ್ಟುಕೊಡಿರಿ. ಕನ್ನಡದ ಅಜ್ಜಿಯೊಬ್ಬರು, ಮರಾಠಿಯ ಆಜಿಯೊಬ್ಬರು, ಉರ್ದು ಮನೆಯ ನಾನಿಯೊಬ್ಬರು ತಮ್ಮ ತಮ್ಮ ಮಾತಿನಲ್ಲಿ ಒಂದೊಂದು ಕಥೆಯನ್ನು ಹೇಳಲಿ. ಮರುದಿನ ಅಕ್ಕೋರು ಆ ಕಥೆಗಳನ್ನು ಕನ್ನಡದಲ್ಲಿ ಮಕ್ಕಳ ಬಾಯಿಂದಲೇ ಹೇಳಿಸಲಿ, ಮಕ್ಕಳು ಬರೆದ ಚಿತ್ರಗಳನ್ನು ನಲಿ-ಕಲಿಯ ಚಪ್ಪರಕ್ಕೆ ತೂಗುಹಾಕಲಿ. ಇದಕ್ಕೆ ಅನುದಾನ ಬೇಕಾಗಿಲ್ಲ. ಸಮಿತಿಯ ಮುಂದಿನ ಸಭೆಯಲ್ಲಿ ಒಂದು ಠರಾವು ಸಾಕು.