ಭಾಲ್ಕಿಯಿಂದ ದಂತವೈದ್ಯದ ದಾರಿ

ಬೀದರದಿಂದ ಉದಗೀರಕ್ಕೆ ಹೋಗುವ ರೈಲಿನಲ್ಲಿ ಖಾನಾಪುರ, ಹಲಬರ್ಗಾಗಳನ್ನು ದಾಟಿದರೆ ಭಾಲ್ಕಿ ಬರುವುದು. ಕರ್ನಾಟಕದ ಉತ್ತರಾಂತ್ಯದಲ್ಲಿರುವ ಈ ಊರಿನ ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದುಗಳು ಒಟ್ಟಿಗೇ ಕಿವಿಗೆ ಬೀಳುತ್ತವೆ. ಸುತ್ತಣ ಹೊಲಗಳಲ್ಲಿ ತೊಗರಿ, ಉದ್ದು, ಸೋಯಾ. ಮಳೆ ಕೈಕೊಟ್ಟ ವರ್ಷ ಮನೆಯ ಲೆಕ್ಕವೆಲ್ಲ ತಲೆಕೆಳಗಾಗುವುದು.

ಊರಿನ ಹಳೆಯ ಕೋಟೆಗಿಂತಲೂ ಇಲ್ಲಿಯ ಹಿರೇಮಠದ ವಿದ್ಯಾದಾನವು ನಮಗೆ ಹೆಚ್ಚು ಸ್ಮರಣೀಯ. ನಿಜಾಮರ ಆಳ್ವಿಕೆಯಲ್ಲಿ ಕನ್ನಡಕ್ಕೆ ಆಸರೆಯಿಲ್ಲದಿದ್ದಾಗ, ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಬಡ ಮಕ್ಕಳಿಗೆ ಅನ್ನವನ್ನೂ ಇಕ್ಕಿದರು. ಅನ್ನವಿಲ್ಲದೆ ಅಕ್ಷರವು ನಿಲ್ಲದೆಂಬುದನ್ನು ಅವರು ಬಲ್ಲವರಾಗಿದ್ದರು.

ಆ ಮಾತು ಇಂದಿಗೂ ಸಲ್ಲುವುದೆಂಬುದನ್ನು ನಾವು ಇಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ಕಂಡೆವು. ಎರಡೆಕರೆ ಹೊಲದ ಸಂಸಾರ. ಮಗಳು ಪಿಯುಸಿ ಮುಗಿಸಿ, ನೀಟ್ ಪರೀಕ್ಷೆಯಲ್ಲಿ ಅರ್ಹಳಾಗಿ, ದಂತವೈದ್ಯೆಯಾಗಬೇಕೆಂದಿದ್ದಾಳೆ. ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ವೆಂದು ಹೆಸರು, ಅದು ಎರಡು ಸಲ ಹುಟ್ಟುವುದಲ್ಲವೆ! ಬಡವರ ಮಕ್ಕಳಿಗೆ ವಿದ್ಯೆಯೇ ಎರಡನೆಯ ಜನ್ಮ. ಆದರೆ ಆ ಜನ್ಮ ಎಲ್ಲಿ ಆಗಬೇಕು?

“ಬೀದರದಾಗs ಕಾಲೇಜ ಐತಿ. ದೂರ ಯಾಕ ಕಳಸಬೇಕ್ರೀ ಗುರುಗಳೇ?” ಎಂದರು ತಾಯಿ.

ಪ್ರಶ್ನೆಯು ನ್ಯಾಯವಾದುದೇ. ಬೀದರದ ನೌಬಾದಿನಲ್ಲಿ ದಂತ ಕಾಲೇಜು ಇರುವುದು ನಿಜ. ಆದರೆ ಅದು ಖಾಸಗಿಯದು. ಸರಕಾರಿ ದಂತ ಕಾಲೇಜುಗಳು ಬೆಂಗಳೂರು ಮತ್ತು ಬಳ್ಳಾರಿಗಳಲ್ಲಿವೆ. ಅಲ್ಲಿ ಶುಲ್ಕವು ಬಹಳ ಕಡಿಮೆ. ನಾಲ್ಕು ವರ್ಷದ ಪಾಠ, ಒಂದು ವರ್ಷದ ಪ್ರಾಯೋಗಿಕ ಸೇವೆ: ಈ ಐದು ವರ್ಷಗಳ ಖರ್ಚನ್ನೆಲ್ಲ ಒಟ್ಟಿಗೆ ಕೂಡಿಸಿದರೆ, ಹತ್ತಿರದ ಕಾಲೇಜು ಅಗ್ಗವೆಂಬ ಭಾವನೆಯು ಅಳಿಯುವುದು. ಉಪಕರಣಗಳನ್ನೂ, ಹಲ್ಲಿನ ಆಕೃತಿಯನ್ನು ಕೆತ್ತಲು ಬೇಕಾದ ಮೇಣವನ್ನೂ ವಿದ್ಯಾರ್ಥಿಯೇ ಕೊಳ್ಳಬೇಕು. ಆ ಹಣವನ್ನು ಮೊದಲೇ ಎತ್ತಿಡುವುದು ವಿವೇಕ.

ಇನ್ನೊಂದು ಅನುಕೂಲವನ್ನು ವಾಚಕರು ಗಮನಿಸಬೇಕು. ಸಂವಿಧಾನದ 98ನೆಯ ತಿದ್ದುಪಡಿಯಿಂದ (2012) ಬಂದ 371ಜೆ ವಿಧಿಯ ಮೇರೆಗೆ ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳ ಸರಕಾರಿ ಪಾಲಿನ ಸ್ಥಾನಗಳಲ್ಲಿ ನೂರಕ್ಕೆ 70 ಸ್ಥಳೀಯರಿಗೆ ಮೀಸಲು, ಹೊರಗಿನವುಗಳಲ್ಲಿ 8. ಬಳ್ಳಾರಿಯು ಈ ಪ್ರಾಂತದೊಳಗೇ ಇರುವುದರಿಂದ ಭಾಲ್ಕಿಯ ಮಗುವಿಗೆ ಅಲ್ಲಿ ಬಾಗಿಲು ಹೆಚ್ಚು ಅಗಲ. ಅದಕ್ಕೆ ಉಪವಿಭಾಗಾಧಿಕಾರಿಗಳ ಅರ್ಹತಾಪತ್ರವು ಕೈಯಲ್ಲಿರಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೋ ಗ್ರಾಮೀಣ ಶಾಲೆಯಲ್ಲಿಯೋ ಓದಿದವರಿಗೆ ಬೇರೆ ಮೀಸಲೂ ಉಂಟು. ಹಳೆಯ ಶಾಲೆಯ ದೃಢೀಕರಣಗಳನ್ನು ಕಡೆಯ ದಿನದವರೆಗೆ ತಡಮಾಡಬಾರದು. ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ, ಅರಿವು ಸಾಲ ಇವುಗಳ ಅರ್ಹತೆಯನ್ನೂ ವಿಚಾರಿಸತಕ್ಕದ್ದು.

ಪರೀಕ್ಷಾ ಪ್ರಾಧಿಕಾರದ ಪಟ್ಟಿಯಲ್ಲಿ ಕಾಲೇಜುಗಳನ್ನು ಮನಸ್ಸಿನ ಕ್ರಮದಲ್ಲೇ ಬರೆಯಬೇಕು; ಯೋಗ್ಯತಾಕ್ರಮಕ್ಕೆ ಸಿಗಬಹುದಾದ ಅತಿ ಮೇಲಿನದೇ ದೊರೆಯುವುದು. ದೊರೆಯಲಾರದೆಂಬ ಅಂಜಿಕೆಯಿಂದ ಒಳ್ಳೆಯದನ್ನು ಕೆಳಗೆ ಬರೆಯುವುದು ನಷ್ಟಕ್ಕೆ ದಾರಿ.

ಇಷ್ಟೆಲ್ಲ ಹೇಳಿದ ಬಳಿಕ ತಂದೆ ಹಾಳೆಯೊಂದನ್ನು ತಂದರು. ಮಗಳು ಬಳ್ಳಾರಿಯನ್ನು ಮೊದಲು, ಬೆಂಗಳೂರನ್ನು ಎರಡನೆಯದಾಗಿ, ಬೀದರವನ್ನು ಆಮೇಲೆ ಬರೆದಳು. ಖಾಸಗಿ ಸ್ಥಾನವೇ ಬಂದಲ್ಲಿ ಸಾಲ ಮಾಡುವುದೋ ಬಿಡುವುದೋ ಎಂಬ ಮಾತು ಮಾತ್ರ ತೀರದೆ ಉಳಿಯಿತು. ತಂದೆ ಹೊಲದ ಕಾಗದಗಳಿದ್ದ ಪೆಟ್ಟಿಗೆಯ ಕಡೆಗೊಮ್ಮೆ ನೋಡಿದರು. ಮಗಳು ಅದನ್ನು ಕಂಡು ತಲೆ ತಗ್ಗಿಸಿದಳು.

ತಾಯಿ ಬಹಳ ಹೊತ್ತು ಸುಮ್ಮನಿದ್ದು, “ಪಂಚಮಿಗಿ ಬರ್ತಾಳಲ್ರೀ?” ಎಂದು ಕೇಳಿದರು. ಬರುವಳೆಂದೆವು.