ಜಾರುವ ಬೆಲ್ಟು

ಹೋದ ವರ್ಷ ಆಷಾಢದಲ್ಲಿ ಒಂದು ರಾತ್ರಿ ಕೊಯಮತ್ತೂರಿನಿಂದ ಅಕ್ಕನ ಮಗ ಫೋನ್ ಮಾಡಿದ. ಅವನು ಅಲ್ಲಿ ಚೆಟ್ಟಿಪಾಳ್ಯಂ ಕಡೆ ಒಂದು ಕಾರ್ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಆ ದಿಕ್ಕಿನಲ್ಲೇ ಎಸ್. ಕರಿವರ್ಧನ್ ಅವರ ಹೆಸರಿನ ಕಾರ್ ರೇಸ್ ಮೈದಾನ ಇರುವುದರಿಂದ ಹುಚ್ಚು ವೇಗದ ಕಾರುಗಳೂ ಅವನ ಕೈಗೆ ಬರುತ್ತವೆ.

“ಮಾವ, ಬೆಲ್ಟು ಜಾರ್ತಾ ಇದೆ. ಎರಡು ಸಲ ಹೊಸದು ಹಾಕ್ದೆ, ಟೈಟ್ ಮಾಡ್ದೆ, ನಿಲ್ತಾನೇ ಇಲ್ಲ. ನಾಳಿದ್ದು ಕಾರು ಕೊಡ್ಲಿಲ್ಲ ಅಂದ್ರೆ ಬೆಲ್ಟಿನ ದುಡ್ಡು ನನ್ ಸಂಬಳದಲ್ಲೇ ಹಿಡೀತಾರೆ. ಮಗ್ಗದ ಬೆಲ್ಟಿಗೆ ನೀವೇನ್ಮಾಡ್ತಿದ್ರಿ?” ಅಂದ.

ನನಗೆ ಕಾರು ಓಡಿಸಲೂ ಬಾರದು. ಆದರೆ ಜಾರುವ ಬೆಲ್ಟಿನ ವಿಷಯದಲ್ಲಿ ನನ್ನ ತಲೆಯ ಮೇಲೆ ಒಂದು ಹಳೆಯ ಸಾಲ ಇತ್ತು.

ನಮ್ಮ ಕೊಳ್ಳೇಗಾಲ ತಾಲ್ಲೂಕು 1956ರವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು ಅಂತ ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ರಾಜ್ಯ ಬೇರೆಯಾದರೂ ನಂಟು ಹೋಗಲಿಲ್ಲ. ಅಪ್ಪ ಅದೇ ನಂಟು ಹಿಡಿದು ಸೋಮನೂರಿನ ಹತ್ತಿರ ನಾಲ್ಕು ಪವರ್‌ಲೂಮ್ ಹಾಕಿಕೊಂಡರು. ಬೀದಿಯಲ್ಲಿ ಅದು ‘ತರಿ’, ಮನೆಯೊಳಗೆ ಮಗ್ಗ. ಸೋಮನೂರು, ಪಲ್ಲಡಂ ಕಡೆ ಹೆಚ್ಚಿನದೆಲ್ಲ ಕೂಲಿ ನೆಯ್ಗೆ. ನೂಲು ಸಾಹುಕಾರರದು, ಬಟ್ಟೆಯೂ ಅವರದೇ, ನಮ್ಮದು ಮಗ್ಗ ಮತ್ತು ಮೈ. ಬಟ್ಟೆಯಲ್ಲಿ ಕುಂದು ಬಂದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ.

ನನಗಾಗ ಇಪ್ಪತ್ತು ವರ್ಷ. ಮೂರನೆಯ ಮಗ್ಗದ ಬೆಲ್ಟು ಜಾರತೊಡಗಿತು. ಬೆಲ್ಟು ಜಾರಿದರೆ ಮಗ್ಗ ನಿಧಾನವಾಗುತ್ತದೆ, ಅಷ್ಟೇ ತಾನೇ ಅಂತ ನೀವು ಅಂದುಕೊಳ್ಳಬಹುದು. ಹಾಗಲ್ಲ. ಲಾಳಿಗೆ ಬೀಳುವ ಹೊಡೆತವೂ ಸೋಲುತ್ತದೆ. ಆಚೆಯ ಪೆಟ್ಟಿಗೆ ತಲುಪದ ಲಾಳಿ ಹಾಸಿನ ನಡುವೆಯೇ ಸಿಕ್ಕಿಬಿದ್ದು, ಅದರ ಮೇಲೆ ಹಣಿಗೆ ಬಂದು ಬಡಿದರೆ ನೂರಾರು ಎಳೆ ಒಂದೇ ಸಲಕ್ಕೆ ಪಟಪಟ ಹರಿಯುತ್ತವೆ. ಆಮೇಲೆ ಒಂದೊಂದೇ ಎಳೆ ಹುಡುಕಿ ಗಂಟು ಹಾಕಬೇಕು. ಅಪ್ಪ ರಾತ್ರಿಯೆಲ್ಲ ಬಲ್ಬಿನ ಕೆಳಗೆ ಕೂತು ಅದನ್ನೇ ಮಾಡುತ್ತಿದ್ದರು.

ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬೆಲ್ಟಿಗೆ ರಾಳದ ಪುಡಿ ಎರಚಿದೆ. ಒಂದು ಗಂಟೆ ಹಿಡಿಯಿತು, ಮತ್ತೆ ಜಾರಿತು. ಮೋಟಾರಿನ ಬೋಲ್ಟು ಸಡಿಲಿಸಿ, ಮೋಟಾರನ್ನು ಹಿಂದಕ್ಕೆಳೆದು, ಬೆಲ್ಟನ್ನು ತಂಬೂರಿ ತಂತಿಯ ಹಾಗೆ ಬಿಗಿದೆ. ಕೆಳಗೆ ಕಪ್ಪು ಪುಡಿ ಉದುರುತ್ತಲೇ ಇತ್ತು. ಕೊನೆಗೆ ಸಿಟ್ಟು ಅಪ್ಪನ ಮೇಲೆ ತಿರುಗಿತು. “ನೀನು ಸಿಕ್ಕಸಿಕ್ಕಲ್ಲೆಲ್ಲ ಎಣ್ಣೆ ಸುರೀತೀಯಲ್ಲ, ಅದು ಬೆಲ್ಟಿಗಿಳಿದು ಜಾರ್ತದೆ. ಎಣ್ಣೆ ಬಿಡಾಕೂ ಬರಲ್ವಾ ನಿಂಗೆ?” ಅಂದುಬಿಟ್ಟೆ. ಪಕ್ಕದ ಶೆಡ್ಡಿನವರೂ ಕೇಳಿಸಿಕೊಂಡರು. ಅಪ್ಪ ಎಣ್ಣೆ ಡಬ್ಬಿಯನ್ನು ಗೂಡಿನಲ್ಲಿಟ್ಟು ಒಳಗೆ ಹೋದರು.

ನಾಲ್ಕನೆಯ ದಿನ ಮೋಟಾರಿನ ಬೇರಿಂಗೇ ಹೋಯಿತು. ಅಷ್ಟು ಬಿಗಿದರೆ ಹೋಗದೆ ಇರುತ್ತದೆಯೇ? ಒಳಗೆ ಉಜ್ಜಿ ವೈಂಡಿಂಗೂ ಸುಟ್ಟಿತ್ತು. ಅಮ್ಮನ ಓಲೆ ಅಡವಿಗೆ ಹೋಯಿತು. ಮೋಟಾರಿನ ಊರು ಅನ್ನಿಸಿಕೊಂಡ ಕೊಯಮತ್ತೂರಿಗೆ ಅದನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ.

ವೈಂಡಿಂಗ್ ಅಂಗಡಿಯ ಮುದುಕ ಮೋಟಾರನ್ನು ಆಮೇಲೆ ನೋಡಿದ, ಮೊದಲು ಅದರ ಪುಲ್ಲಿ ನೋಡಿದ. ಗೂಟದಿಂದ ಒಂದು ಹೊಸ ಬೆಲ್ಟು ತೆಗೆದು ಗಾಡಿಯೊಳಗಿಟ್ಟ. ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿಗೆ ಸಮವಾಗಿ ನಿಲ್ಲಬೇಕಿತ್ತು, ಅದು ಕೆಳಗಿಳಿದು ತಳ ಮುಟ್ಟಿತು. ಗಾಡಿಯ ತಳ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. “ತಂಬಿ, ಬೆಲ್ಟ್ ಹಿಡಿಯೋದು ಪಕ್ಕೆಯಿಂದ, ಹೊಟ್ಟೆಯಿಂದ ಅಲ್ಲ. ಪಕ್ಕೆ ಸವೆದಿದೆ. ನೀನು ಎಷ್ಟು ಬಿಗಿದರೂ ಅಷ್ಟೇ,” ಅಂತ ತಮಿಳಿನಲ್ಲಿ ಹೇಳಿದ.

ಅವನು ಹೇಳಿಕೊಟ್ಟದ್ದನ್ನು ಹಿಟ್ಟಿನ ಗಿರಣಿ ಇಟ್ಟುಕೊಂಡವರಿಗಾದರೂ ಉಪಯೋಗವಾಗಲಿ ಅಂತ ಬರೆಯುತ್ತೇನೆ. ಮೊದಲು ಕರೆಂಟ್ ತೆಗೆದು ಫ್ಯೂಸನ್ನು ಜೇಬಿಗೆ ಹಾಕಿಕೊಳ್ಳಿ, ಬೆರಳು ಮತ್ತೆ ಬೆಳೆಯುವುದಿಲ್ಲ. ಎರಡು ಪುಲ್ಲಿಗಳ ಮುಖಕ್ಕೂ ಒಂದು ದಾರ ಎಳೆದು ಹಿಡಿಯಿರಿ. ಅಂಚುಗಳ ದಪ್ಪ ಒಂದೇ ಆಗಿದ್ದರೆ ದಾರ ನಾಲ್ಕು ಕಡೆ ತಾಗಬೇಕು. ತಾಗದಿದ್ದರೆ ಪುಲ್ಲಿ ಸೊಟ್ಟಗಿದೆ ಅಂತ. ಬಿಗಿ ನೋಡಲು ಬೆಲ್ಟಿನ ನಡುಮಧ್ಯೆ ಹೆಬ್ಬೆರಳಿನಿಂದ ಒತ್ತಿ. ಪುಲ್ಲಿಯಿಂದ ಪುಲ್ಲಿಗೆ ಒಂದು ಮೀಟರ್ ಇದ್ದರೆ ಸುಮಾರು 16 ಮಿಲಿಮೀಟರ್ ಬಗ್ಗಬೇಕು. ಹೊಸ ಬೆಲ್ಟು ಮೊದಲ ದಿನ ಸ್ವಲ್ಪ ಎಳೆಯುತ್ತದೆ, ಮಾರನೆಯ ದಿನ ಮತ್ತೊಮ್ಮೆ ಬಿಗಿಯಬೇಕು.

ಹೊಸ ಪುಲ್ಲಿ ಹಾಕಿದ ಮೇಲೆ ಮೂರನೆಯ ಮಗ್ಗ ಸರಿಯಾಗಿ ಓಡಿತು. ಅಪ್ಪನಿಗೆ ನಾನು ಏನೂ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಇದನ್ನೆಲ್ಲ ಅಳಿಯನಿಗೆ ಹೇಳಿ, “ಬೆಲ್ಟು ಬಿಡು, ಪುಲ್ಲಿ ನೋಡು,” ಅಂದೆ. ಅವನು ಫೋಟೋ ಕಳಿಸಿದ. ಆ ಕಾರಿನಲ್ಲಿ ಸೂಪರ್‌ಚಾರ್ಜರ್ ಅಂತ ಒಂದು ಇರುತ್ತದೆ. ಕಮ್ಮಾರನ ತಿದಿ ಇದ್ದ ಹಾಗೆ, ಇಂಜಿನ್ನಿಗೆ ಹೆಚ್ಚು ಗಾಳಿ ಊದುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಉರಿದು ಶಕ್ತಿ ಹೆಚ್ಚುತ್ತದೆ. ಆ ತಿದಿಯನ್ನು ತಿರುಗಿಸುವುದು ಇಂಜಿನ್ನೇ, ಬೆಲ್ಟಿನ ಮೂಲಕ. ವೇಗ ಏರಿದಾಗ ಬೆಲ್ಟು ಜಾರಿ ಗಾಳಿಯ ಒತ್ತಡದ ಮುಳ್ಳು ಬಿದ್ದುಬಿಡುತ್ತಿತ್ತು. ಕಾರಿನ ಯಜಮಾನ ಇನ್ನೂ ಜೋರಾಗಿ ತಿರುಗಲಿ ಅಂತ ತಿದಿಗೆ ಚಿಕ್ಕ ಪುಲ್ಲಿ ಹಾಕಿಸಿದ್ದನಂತೆ. ಚಿಕ್ಕ ಪುಲ್ಲಿಯಲ್ಲಿ ಬೆಲ್ಟು ತಬ್ಬಿ ಹಿಡಿಯುವ ಜಾಗ ಕಡಿಮೆ, ಎಳೆಯಬೇಕಾದ ಭಾರ ಮಾತ್ರ ಹೆಚ್ಚು. ಹುಡುಗ ಬೆಲ್ಟನ್ನು ಒತ್ತುವ ಸಣ್ಣ ಉರುಳೆಯ ಜಾಗ ಬದಲಿಸಿ, ಬೆಲ್ಟು ಆ ಪುಲ್ಲಿಯನ್ನು ಇನ್ನಷ್ಟು ಸುತ್ತಿ ಬರುವ ಹಾಗೆ ಮಾಡಿದ. ಅದಕ್ಕೆ ತಕ್ಕ ಉದ್ದದ ಬೆಲ್ಟು ಹಾಕಿದ. ಮಾರನೆಯ ಸಂಜೆ, “ಮಾವ, ಮುಳ್ಳು ನಿಂತ್ಕೊಂತು!” ಅಂತ ಕೂಗಿದ.

ಸ್ಪೀಕರಿನಲ್ಲಿ ಹಾಕಿದ್ದೆ. ಅಪ್ಪ ಜಗುಲಿಯಲ್ಲಿ ಕೂತಿದ್ದರು, ಹಿಂದಿನ ರಾತ್ರಿಯ ಕಥೆಯೂ ಅವರ ಕಿವಿಗೆ ಬಿದ್ದಿತ್ತು. ಇಷ್ಟು ವರ್ಷದ ಮೇಲೆ ನಾನು, “ಅವತ್ತು ನಿನ್ನ ತಪ್ಪಿರಲಿಲ್ಲ ಕಣಪ್ಪ, ಪುಲ್ಲಿ ಸವೆದಿತ್ತು,” ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಎಲೆಗೆ ಸುಣ್ಣ ಹಚ್ಚಿದರು. “ಗೊತ್ತು. ಹಳೇ ಪುಲ್ಲೀನ ಅವತ್ತೇ ನೋಡಿದ್ದೆ,” ಅಂದರು. ಆಮೇಲೆ, “ಆದ್ರೂ ಎಣ್ಣೆ ಒಂಚೂರು ಜಾಸ್ತೀನೇ ಬಿಡ್ತಿದ್ದೆ,” ಅಂದರು.