ಮಳೆ ಮರೆತ ಗಾದೆಗಳು

‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು.’ ನಮ್ಮಜ್ಜಿ ಇದನ್ನು ಹೇಳುತ್ತಿದ್ದದ್ದು ಹೊಲದ ಬದುವಿನ ಮೇಲೆ ನಿಂತು, ಮೋಡ ನೋಡುತ್ತ. ಆಗಸ್ಟ್ 17ರ ಆಸುಪಾಸಿಗೆ ಮಘೆ ಹುಟ್ಟುತ್ತದೆ. ರಾಗಿ ಪೈರು ತೆಂಡೆ ಹೊಡೆಯುವ ಕಾಲ, ಬಿದ್ದ ನೀರನ್ನೆಲ್ಲ ಭೂಮಿ ಕುಡಿಯುತ್ತದೆ. ಬೆಳೆಯುವ ಹುಡುಗನ ಹಸಿವೂ ಹಾಗೇ. ಒಂದೇ ಸಾಲಿನಲ್ಲಿ ಪಂಚಾಂಗವಿತ್ತು, ಬೇಸಾಯವಿತ್ತು, ತಾಯಿಯ ಕರುಳಿತ್ತು. ಈಗ ಮಳೆಯ ಅರ್ಧ ಉದುರಿಹೋಗಿದೆ. ಮದುವೆ ಮನೆಯಲ್ಲಿ ಇನ್ನೊಂದು ಹೋಳಿಗೆ ಹಾಕುವಾಗ ಉಣ್ಣುವ ಅರ್ಧವಷ್ಟೇ ಕಿವಿಗೆ ಬೀಳುತ್ತದೆ.

2018ರಲ್ಲಿ ಆಶ್ಲೇಷ ಮುಗಿದು ಮಘೆ ಹುಟ್ಟುವ ಹೊತ್ತಿಗೇ ಕೊಡಗಿನಲ್ಲಿ ಗುಡ್ಡಗಳು ಜರಿದವು. ಮಕ್ಕಂದೂರು, ಜೋಡುಪಾಲದ ಕಡೆ ಮನೆ, ತೋಟ, ಜೀವಗಳು ಮಣ್ಣಿನಡಿ ಹೋದವು. ಮನೆಮಗನನ್ನೇ ಕಳೆದುಕೊಂಡವರ ಮುಂದೆ ಈ ಗಾದೆಯನ್ನು ಯಾರು ಹೇಳಿಯಾರು? ಗಾದೆ ಸುಳ್ಳೆಂದು ನಾನು ಹೇಳಲಾರೆ. ಗುಡ್ಡದ ಪಕ್ಕೆ ಕಡಿದು ರಸ್ತೆ, ಮನೆ ಎಬ್ಬಿಸುವ ಕಾಲದಲ್ಲಿ ಹುಟ್ಟಿದ ಮಾತಲ್ಲ ಅದು.

‘ರೋಹಿಣಿ ಮಳೆ ಹುಯ್ದರೆ ಓಣಿಯೆಲ್ಲ ಜೋಳ’ ಎನ್ನುವುದು ಮೇ ಕೊನೆಯ ವಾರದಲ್ಲಿ ಕೂರಿಗೆ ಹೂಡಿಸುತ್ತಿದ್ದ ಮಾತು. ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನದ ಲೆಕ್ಕ ಹಿಡಿದು, ಓದು ಬರಹ ಬಾರದವರೂ ಇಡೀ ಮಳೆಗಾಲವನ್ನು ಬಾಯಲ್ಲಿ ಇಟ್ಟುಕೊಂಡಿದ್ದರು. ಕೊಳವೆ ಬಾವಿಯ ನೀರು, ಬೇಗ ಕೊಯ್ಲಿಗೆ ಬರುವ ತಳಿ ಬಂದ ಮೇಲೆ ಆ ಲೆಕ್ಕ ಯಾರಿಗೂ ಬೇಡವಾಯಿತು.

ಮಳೆಯ ಮಾತಷ್ಟೇ ಅಲ್ಲ, ಬೇರೆ ಮಾತುಗಳೂ ಹುಟ್ಟಿದ ಸಂದರ್ಭ ಕಳೆದುಕೊಂಡಿವೆ. ಹದಿನಾರಾಣೆ ಸತ್ಯ ಅನ್ನುತ್ತೇವೆ. ಆಣೆಯ ಲೆಕ್ಕ 1957ರ ಏಪ್ರಿಲ್ 1ರಿಂದಲೇ ಇಲ್ಲ.

ನನಗೆ ಹೆಚ್ಚು ನೋವಾಗುವುದು ‘ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ’ ಅನ್ನುವುದನ್ನು ಕೇಳಿದಾಗ. ಈಗ ಅದು ಸ್ಪಷ್ಟವಾಗಿ ಉತ್ತರ ಕೊಡದ ರಾಜಕಾರಣಿಗೆ ಸಲ್ಲುವ ಮಾತು. ನಮ್ಮ ಹಳೇ ಮನೆಯಲ್ಲಿ ಅಡುಗೆಮನೆಗೂ ನಡುಮನೆಗೂ ನಡುವೆ ಎದೆಮಟ್ಟದ ಗೋಡೆಯಿತ್ತು. ಎಣ್ಣೆ ತುಟ್ಟಿ, ಅದರ ಮೇಲಿಟ್ಟ ಒಂದೇ ಬುಡ್ಡಿಯಲ್ಲಿ ಅತ್ತ ಮುದ್ದೆ ತಿರುವುವವರಿಗೂ ಇತ್ತ ಮಗ್ಗಿ ಬರೆಯುವ ಮಕ್ಕಳಿಗೂ ಬೆಳಕು ಸಿಗಬೇಕಿತ್ತು. ಅಜ್ಜಿಯ ಬಾಯಲ್ಲಿ ಆ ಮಾತಿಗೆ ಇಬ್ಬರಿಗೂ ಅನ್ಯಾಯವಾಗದಂತೆ ನಡೆದುಕೋ ಎಂಬ ಅರ್ಥವೂ ಇತ್ತು. ಗೋಡೆ ಹೋಯಿತು, ಬುಡ್ಡಿ ಹೋಯಿತು, ಬೈಗುಳವೊಂದು ಉಳಿಯಿತು.

1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನ ತುಂಬ ಗಾದೆಗಳಿವೆ. ಆಮೇಲೆ ಬಂದ ಸಂಗ್ರಹಗಳಿಗೂ ಕೊರತೆಯಿಲ್ಲ. ಆದರೆ ನಾನು ಓದಿದ ಬಹುಪಾಲು ಪುಸ್ತಕಗಳಲ್ಲಿ ಅಕಾರಾದಿಯಾಗಿ ಸಾಲುಗಳಿವೆ, ಆಡಿದ ಸಂದರ್ಭವಿಲ್ಲ. ಅದು ಇರುವುದು ಹಿರಿಯರ ನೆನಪಿನಲ್ಲಿ ಮಾತ್ರ.

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಹತ್ತಿರ ಕೂತು ಕೇಳಿ. ಗಾದೆಯ ಜೊತೆಗೆ, ಅದನ್ನು ಯಾವ ಮಳೆಯಲ್ಲಿ, ಯಾವ ಕೆಲಸದ ನಡುವೆ, ಯಾರಿಗೆ ಹೇಳುತ್ತಿದ್ದರೆಂದೂ ಬರೆದಿಡಿ. ತಡಮಾಡಬೇಡಿ.